ಇಪ್ಪತ್ತು ಅಡಿ ದೂರದ ಓರಗಿತ್ತಿ

ನನ್ನ ಬೆರಳು ನೆಟ್ಟಗಾದದ್ದೂ ಕಣ್ಣು ಕೆಟ್ಟದ್ದೂ ಒಂದೇ ತಿಂಗಳಲ್ಲಿ, ಒಂದೇ ಆಟದಿಂದ.

ಮೊದಲು ಬೆರಳಿನ ವಿಷಯ ಹೇಳುತ್ತೇನೆ. ನಲವತ್ತೊಂದು ವರ್ಷದಿಂದ ನಾನು ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕಾಜಾ ಮಾಡುವವಳು. ಕಾಜಾ ಎಂದರೆ ಗುಂಡಿ ತೂರಿಸುವ ಕಂಡಿ. ಬಟ್ಟೆಯನ್ನು ಸೀಳಿ, ಸೀಳಿದ ಅಂಚಿಗೆ ರೇಷ್ಮೆ ದಾರದಲ್ಲಿ ಒತ್ತೊತ್ತಾಗಿ ಗಂಟು ಹಾಕುತ್ತ ಹೋಗಬೇಕು. ಚೆನ್ನಾಗಿದ್ದರೆ ಅದನ್ನು ಯಾರೂ ನೋಡುವುದಿಲ್ಲ. ಕೆಟ್ಟಿದ್ದರೆ ಎದುರಿಗೆ ಬಂದವರೆಲ್ಲ ಅದನ್ನೇ ನೋಡುತ್ತಾರೆ. ಹೋದ ಚಳಿಗಾಲದಲ್ಲಿ ನನ್ನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಕಡ್ಡಿಯ ಹಾಗೆ ಸೆಟೆದುಕೊಂಡವು. ಮೂಳೆ ಡಾಕ್ಟರು ಮಾತ್ರೆ ಕೊಡಲಿಲ್ಲ, "ಬೆರಳು ಆಡಿಸ್ತಾ ಇರಿ" ಎಂದು ಕಳಿಸಿಬಿಟ್ಟರು. ನಾನು ಕೂತಲ್ಲಿ ಬೆರಳಾಡಿಸುತ್ತಿದ್ದರೆ ನನ್ನ ಗಂಡ ತಿರುಗಿ ನೋಡಿ, "ಯಾರನ್ನೇ ಕರೀತಿದೀಯ?" ಎನ್ನುತ್ತಿದ್ದರು. ಅವರು ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರಾಗಿದ್ದವರು. ಕೆಲಸ ಬಿಟ್ಟು ಎಂಟು ವರ್ಷವಾದರೂ ಅಳತೆಯ ಟೇಪು ಕೊರಳಿನಿಂದ ಇಳಿದಿಲ್ಲ. ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ನಗರದ ಬಸ್ಸು ಓಡಿಸುವ ನಮ್ಮ ಮಗಳು ಒಂದು ಭಾನುವಾರ ತನ್ನ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದು ಟಿವಿಗೆ ಸಿಕ್ಕಿಸಿದಳು. "ಅಮ್ಮ, ಇದನ್ನ ಹಿಡ್ಕೊಂಡು ಒತ್ತುತಾ ಇರು. ಬೆರಳಿಗೆ ಇದಕ್ಕಿಂತ ಕಸರತ್ತು ಇನ್ನೊಂದಿಲ್ಲ." ಆಟದಲ್ಲಿ ಒಬ್ಬ ಅಂಚೆಯವನಿದ್ದ. ಅವನು ಚಾವಣಿಯಿಂದ ಚಾವಣಿಗೆ ಹಾರಿ ಪತ್ರ ಮುಟ್ಟಿಸಬೇಕು. ಬಿದ್ದರೆ ಕೆಳಗೆ ನಾಯಿಗಳು.

"ಬೀದೀಲಿ ನಡ್ಕೊಂಡು ಹೋದ್ರೆ ಇವನಿಗೇನು ಕಷ್ಟ?" ಎಂದು ಕೇಳಿದೆ.

"ಬೀದೀಲಿ ಹೋದ್ರೆ ಆಟ ಎಲ್ಲಿರತ್ತಮ್ಮ" ಎಂದಳು.

ಮೊದಲ ವಾರ ಅವನು ನನ್ನ ಕೈಯಲ್ಲಿ ಸುಮಾರು ಮುನ್ನೂರು ಸಲ ನಾಯಿಗಳ ಪಾಲಾದ. ಎರಡನೇ ವಾರ ನನಗೆ ಅವನ ಮೇಲೆ ಜವಾಬ್ದಾರಿ ಬಂದುಬಿಟ್ಟಿತು. ಇಷ್ಟು ಪತ್ರ ಚೀಲದಲ್ಲಿಟ್ಟುಕೊಂಡು ನಿಂತವನನ್ನು ನಡುಚಾವಣಿಯಲ್ಲಿ ಬಿಟ್ಟು ಅಡುಗೆಗೆ ಹೋಗುವುದಾದರೂ ಹೇಗೆ? ಮಾಸ್ತರು ನನ್ನ ಹಿಂದೆ ನಿಂತು, "ಆ ಸಂದು ಒಂಬತ್ತು ಅಡಿ ಇದೆ ಕಣೇ, ಹಾರಬೇಡ" ಎಂದು ಎಚ್ಚರಿಸುತ್ತಿದ್ದರು. ಬೆರಳು ಸಡಿಲವಾದವು. ಹೆಬ್ಬೆರಳು ಇಪ್ಪತ್ತರ ಹುಡುಗಿಯದರಂತೆ ಕುಣಿಯಿತು.

ಆದರೆ ಕಣ್ಣಿಗೆ ಮರಳು ಹೊಯ್ದ ಹಾಗಾಯಿತು. ಉರಿ, ನೀರು, ಹುಬ್ಬಿನ ಮೇಲೆ ಯಾರೋ ಕೂತ ಹಾಗೆ ಭಾರ. ಆಮೇಲಾಮೇಲೆ ಸೂಜಿಗೆ ದಾರ ಪೋಣಿಸಲು ಹೋದರೆ ಎರಡು ಸೂಜಿ, ಎರಡು ದಾರ, ನಾಲ್ಕು ಹೆಬ್ಬೆರಳು. ಅದರಲ್ಲಿ ನನ್ನವು ಯಾವುವು ಎಂದು ಮುಟ್ಟಿ ನೋಡಿ ಗೊತ್ತುಮಾಡಿಕೊಳ್ಳಬೇಕು. ಹೀಗಿರುವಾಗ ಒಂದು ದಿನ ಕೋಟೊಂದಕ್ಕೆ ಎದೆಯ ಮೇಲೆ ಐದು ಕಾಜಾ ಮಾಡಿಟ್ಟೆ. ಆ ಕೋಟಿಗೆ ಇದ್ದದ್ದು ನಾಲ್ಕು ಗುಂಡಿ.

ಅಂಗಡಿಯ ಯಜಮಾನಿ ನಮ್ಮ ಹಳೆಯ ಯಜಮಾನರ ಮಗಳು. ನಾನು ಎತ್ತಿ ಆಡಿಸಿದ ಕೂಸು, ಈಗ ಕನ್ನಡಕ ಹಾಕಿಕೊಂಡು ಕೂತಿರುತ್ತಾಳೆ. ಬೈಯಲಿಲ್ಲ. ಕೋಟನ್ನು ನನ್ನ ಮುಂದೆ ಹರಡಿ, "ಅಮ್ಮ, ಈ ಐದನೇದು ಯಾತಕ್ಕೆ?" ಎಂದು ಮೆಲ್ಲಗೆ ಕೇಳಿದಳು.

"ಗಾಳಿಯಾಡಲಿ ಅಂತ" ಎಂದೆ.

ಅವಳು ನಗಲಿಲ್ಲ. ವಾದ್ಯಗಾರರ ಒಂದು ತಂಡಕ್ಕೆ ನಲವತ್ತೆರಡು ಕರಿಯ ಕೋಟು ಹೊಲಿಯುವ ಕೆಲಸ ಬಂದಿತ್ತು. ಎದೆಗೆ ನಾಲ್ಕು, ತೋಳಿಗೆ ನಾಲ್ಕು ನಾಲ್ಕು, ಹೀಗೆ ಕೋಟಿಗೆ ಹನ್ನೆರಡು ಕಾಜಾ. ಕಾಜಾ ಯಂತ್ರ ಮಾರುವ ಕಂಪನಿಯವರು ಮೂರು ವಾರದಲ್ಲಿ ಯಂತ್ರ ತಂದು ತೋರಿಸುತ್ತಾರೆ ಎಂದು ಹೇಳಿದಳು. "ಒಂದು ಕೋಟು ನೀವು ಮಾಡಿ, ಒಂದು ಕೋಟು ಅದು ಮಾಡಲಿ. ಯಾವುದು ಚೆನ್ನಾಗಿರತ್ತೋ ಅದಕ್ಕೆ ಈ ಕೆಲಸ. ಕಿಟಕಿ ಹತ್ರದ ನಿಮ್ಮ ಕುರ್ಚೀನೂ ಅದಕ್ಕೇ."

"ಯಂತ್ರಕ್ಕೆ ಕುರ್ಚಿ ಯಾಕಮ್ಮ?"

"ಜಾಗ ಅಂತ ಹೇಳಿದ್ದು."

ಆ ಕುರ್ಚಿ ಬಿಟ್ಟರೆ ನನಗೆ ಮನೆಯಲ್ಲಿ ಕುರ್ಚಿ ಇಲ್ಲವೆಂದಲ್ಲ. ಆದರೆ ನಲವತ್ತೊಂದು ವರ್ಷ ನಾನು ಬೆಳಗಾಗೆದ್ದು ಹೊರಟದ್ದು ಅಲ್ಲಿಗೆ. ಅದು ಹೋದರೆ ಬೆಳಿಗ್ಗೆ ಎದ್ದು ಯಾವ ಕಡೆ ನಡೆಯುವುದೆಂದು ನನಗೆ ಗೊತ್ತಿರಲಿಲ್ಲ.

ಆಟ ಬಿಟ್ಟೆ. ನಾಲ್ಕು ದಿನಕ್ಕೆ ಕಣ್ಣು ತಿಳಿಯಾಯಿತು, ಬೆರಳು ಮತ್ತೆ ಕಡ್ಡಿಯಾಯಿತು. ಆಡಿದೆ. ಬೆರಳು ಬಂತು, ಕಣ್ಣು ಹೋಯಿತು. ಕಾಜಾಕ್ಕೆ ಎರಡೂ ಬೇಕು. ಆದ್ದರಿಂದ ಮಾಸ್ತರು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚುರುಕಾದ ಹೆಂಗಸು, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ನನ್ನ ರೆಪ್ಪೆ.

"ಏನು ಕೆಲಸ ಮಾಡ್ತೀರಜ್ಜಿ?"

"ಕಾಜಾ ಮಾಡ್ತೀನಿ."

"ಮತ್ತೆ?"

"ಸಾಯಂಕಾಲ ಅಂಚೆ ಹಂಚ್ತೀನಿ."

"ಈ ವಯಸ್ಸಲ್ಲಾ?"

"ಚಾವಣಿ ಮೇಲಿಂದ" ಎಂದರು ಮಾಸ್ತರು. ಡಾಕ್ಟರಮ್ಮ ದೀಪ ಆರಿಸಿ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ವಿಷಯ ತಿಳಿದು ನಕ್ಕರು. ಆಡುವಾಗ ನಾನು ರೆಪ್ಪೆ ಬಡಿಯುವುದನ್ನೇ ಮರೆತಿದ್ದೇನಂತೆ, ಕಣ್ಣು ಒಣಗಿದೆಯಂತೆ. ಹನಿ ಹಾಕುವ ಔಷಧ ಬರೆದರು. ಕೋಣೆಯ ದೀಪ ಹಾಕಿಕೊಂಡು, ಟಿವಿಯಿಂದ ಹಿಂದೆ ಸರಿದು ಕೂರಬೇಕು. ನೆನಪಿಟ್ಟುಕೊಂಡು ರೆಪ್ಪೆ ಬಡಿಯಬೇಕು. ಇನ್ನೊಂದು ಮುಖ್ಯ ಮಾತು: ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದಲ್ಲಿರುವುದನ್ನು, ಇಪ್ಪತ್ತು ಸೆಕೆಂಡು ನೋಡಬೇಕು.

ಮಾಸ್ತರು ಕೊರಳಿನ ಟೇಪು ಮುಟ್ಟಿಕೊಂಡರು. ಅಷ್ಟು ವರ್ಷಗಳಾದ ಮೇಲೆ ಯಾರೋ ಅವರಿಗೆ ಅಳತೆ ಹೇಳಿದ್ದರು.

ಬಟ್ಟೆ ಕತ್ತರಿಸುವವರಿಗೆ ಇಪ್ಪತ್ತು ಎಂದರೆ ಇಪ್ಪತ್ತೇ. ಅರ್ಧ ಇಂಚು ಹೆಚ್ಚಾದರೆ ಹೆಗಲು ಜೋತುಬೀಳುತ್ತದೆ, ಅರ್ಧ ಇಂಚು ಕಡಿಮೆಯಾದರೆ ಕಂಕುಳಲ್ಲಿ ಪಿಸಿಯುತ್ತದೆ. ದರ್ಜಿಯ ಟೇಪು ಐದು ಅಡಿ ಇರುತ್ತದೆ. ಮಾಸ್ತರು ನಾಲ್ಕು ಟೇಪನ್ನು ತುದಿಗೆ ತುದಿ ಕೂಡಿಸಿ ಹೊಲಿದರು. ಜೋಡಣೆಯಲ್ಲಿ ಕಾಲಿಂಚು ನುಂಗಿದ್ದಕ್ಕೆ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದರು. ನನ್ನನ್ನು ಆಟದ ಕುರ್ಚಿಯಲ್ಲಿ ಕೂರಿಸಿ, ಟೇಪಿನ ಒಂದು ತುದಿ ಮೂಗಿನ ಬುಡಕ್ಕೆ ಹಿಡಿದುಕೊಳ್ಳಲು ಹೇಳಿ, ಇನ್ನೊಂದು ತುದಿ ಹಿಡಿದು ಹೊರಟರು. ನಮ್ಮದು ಎರಡನೇ ಮಹಡಿಯ ಸಣ್ಣ ಮನೆ. ಕುರ್ಚಿಯಿಂದ ಕಿಟಕಿಗೆ ಹನ್ನೊಂದು ಅಡಿ. ಕಿಟಕಿಯಾಚೆ ಓಣಿ, ಅದು ಏಳು ಅಡಿ. ಅಲ್ಲಿಗೆ ಹದಿನೆಂಟು. ಓಣಿಯಾಚೆ ನಮ್ಮ ಕಿಟಕಿಗೆ ಸರಿಯಾಗಿ ಇನ್ನೊಂದು ಕಿಟಕಿ. ಅದರೊಳಗೆ ಎರಡು ಅಡಿ.

ಆ ಎರಡನೇ ಅಡಿ ಮುಗಿಯುವಲ್ಲಿ ನನ್ನ ಓರಗಿತ್ತಿ ಕೂರುವ ಕುರ್ಚಿ ಇತ್ತು.

ಓರಗಿತ್ತಿ ಎಂದರೆ ಮಾಸ್ತರ ಅಣ್ಣನ ಹೆಂಡತಿ. ಮೂವತ್ತು ವರ್ಷ ಇನ್ನೊಂದು ಅಂಗಡಿಯಲ್ಲಿ ಕೋಟಿನ ಕಾಲರು ಕೂರಿಸಿದವಳು. ಹನ್ನೊಂದು ವರ್ಷದ ಹಿಂದೆ ಮನೆಯ ಮದುವೆಯೊಂದಕ್ಕೆ ಒಂದು ಕೋಟನ್ನು ಎಲ್ಲರೂ ಸೇರಿ ಹೊಲಿದಾಗ, ನನ್ನ ಕಾಜಾ ನೋಡಿ ನೆಂಟರ ನಡುವೆ, "ಆಕಳಿಸೋ ಬಾಯಿ ಇದ್ದ ಹಾಗಿದೆ" ಎಂದಿದ್ದಳು. ನಾನು, "ನಿನ್ನ ಕಾಲರಿಗಿಂತ ನಾಯಿ ಪಟ್ಟಿ ವಾಸಿ" ಎಂದಿದ್ದೆ. ಅಲ್ಲಿಗೆ ಮಾತು ನಿಂತಿತು. ಭಾವ ತೀರಿಕೊಂಡಾಗ ಹೋಗಿ ಮೂರು ದಿನ ಅವಳ ಪಕ್ಕದಲ್ಲೇ ಕೂತಿದ್ದೆ, ಆಗಲೂ ಮಾತಿಲ್ಲ. ಅವಳ ಮನೆಯ ಇನ್ನೊಂದು ಕೀಲಿ ನಮ್ಮಲ್ಲಿದೆ, ನಮ್ಮದು ಅವಳಲ್ಲಿದೆ. ಮಾತು ಮಾತ್ರ ಇಲ್ಲ. ಏಳು ಅಡಿ ಓಣಿಯಲ್ಲಿ ಅಷ್ಟು ವರ್ಷ ಒಬ್ಬರನ್ನೊಬ್ಬರು ನೋಡದೆ ಇರುವುದೇನು ಸುಲಭವಲ್ಲ, ಅದಕ್ಕೂ ಅಭ್ಯಾಸ ಬೇಕು.

ಮಾಸ್ತರು ಟೇಪು ಸುತ್ತಿ ಹಿಡಿದುಕೊಂಡು ಅವಳ ಬಾಗಿಲಿಗೆ ಹೋದರು. ನನಗೆ ಎಲ್ಲ ಕೇಳಿಸುತ್ತಿತ್ತು.

"ಏನಪ್ಪ ಮೈದುನ, ಟೇಪು ಹಿಡ್ಕೊಂಡು ಬಂದಿದೀಯ. ನನ್ನ ಹೂಳೋದಕ್ಕೆ ಪೆಟ್ಟಿಗೆ ಅಳತೆಯಾ?"

"ಅಲ್ಲ ಅತ್ತಿಗೆ. ಇವಳು ನಿಮ್ಮನ್ನ ನೋಡಬೇಕಂತೆ."

"ಹನ್ನೊಂದು ವರ್ಷ ಆದ್ಮೇಲೆ ನೆನಪಾಯ್ತಾ?"

"ಡಾಕ್ಟರು ಹೇಳಿದಾರೆ. ಇಪ್ಪತ್ತು ಸೆಕೆಂಡು ಅಷ್ಟೆ. ನೀವೇನೂ ಮಾಡೋದು ಬೇಡ, ಸುಮ್ನೆ ಕೂತಿರಿ. ಕುರ್ಚಿ ಮಾತ್ರ ಒಂದೂಕಾಲು ಇಂಚು ಹಿಂದಕ್ಕೆ."

ನನ್ನ ಕುರ್ಚಿಯ ವಿಷಯ, ಯಂತ್ರದ ವಿಷಯ ಎಲ್ಲವನ್ನೂ ಮಾಸ್ತರು ಹೇಳುತ್ತಿದ್ದರು. ಆಮೇಲೆ ಅವಳ ದನಿ: "ಔಷಧಿ ಅಂದ್ಮೇಲೆ ಇಲ್ಲ ಅನ್ನೋದಕ್ಕಾಗತ್ತಾ. ನನ್ನನ್ನ ನೋಡಿ ಕಣ್ಣು ಸರಿಹೋಗತ್ತೆ ಅಂದ್ರೆ ನೋಡ್ಕೊಳ್ಳಲಿ. ಪುಕ್ಕಟೆ." ಕುರ್ಚಿ ಎಳೆದ ಸದ್ದಾಯಿತು.

ಅವತ್ತು ಸಾಯಂಕಾಲ ಅಂಚೆಯವನು ಏಳನೇ ಚಾವಣಿಯಲ್ಲಿದ್ದಾಗ, ಇಪ್ಪತ್ತು ನಿಮಿಷಕ್ಕೆ ತಿರುಗಿಸಿಟ್ಟಿದ್ದ ಅಡುಗೆಮನೆಯ ಗಡಿಯಾರ ಕಿರುಚಿತು. ಅವನನ್ನು ನಿಲ್ಲಿಸಿ ತಲೆ ಎತ್ತಿದೆ. ಅವಳು ತೊಳೆದ ಮುಖ, ಬಾಚಿದ ತಲೆ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಿದ್ದಳು. ನೋಡಿದೆ. ಅವಳೂ ನೋಡಿದಳು. ಮಾಸ್ತರು ಗಟ್ಟಿಯಾಗಿ ಎಣಿಸುತ್ತಿದ್ದರು. ಹನ್ನೆರಡಕ್ಕೆ ಬಂದಾಗ ಅವಳು ತುಟಿ ಅಲ್ಲಾಡಿಸದೆ ಹೇಳಿದಳು: "ಮೈದುನ, ನಿನ್ನ ಹೆಂಡ್ತಿ ನನ್ನ ಮೂಗು ನೋಡ್ತಿದಾಳೆ. ಕಣ್ಣು ನೋಡು ಅಂತ ಹೇಳು."

ಮಾಸ್ತರು ನನ್ನ ಕಡೆ ತಿರುಗಿ, "ಕಣ್ಣು ನೋಡ್ಬೇಕಂತೆ" ಎಂದರು.

"ಮೂಗು ಅಡ್ಡ ಬರ್ತಿದೆ ಅಂತ ಹೇಳಿ" ಎಂದೆ.

"ಮೂಗು ಅಡ್ಡ..."

"ಕೇಳಿಸ್ತು" ಎಂದಳು ಅವಳು. "ರೆಪ್ಪೆ ಬಡಿಯೋದಕ್ಕೆ ಹೇಳು. ಮೀನಿನ ಹಾಗೆ ನೋಡ್ತಿದಾಳೆ."

ಹೀಗೆ ಶುರುವಾಯಿತು. ಸಾಯಂಕಾಲಕ್ಕೆ ನಾಲ್ಕು ಸಲ. ನಮ್ಮ ಗಡಿಯಾರ ಹೊಡೆದ ಕೂಡಲೇ ಆಚೆಯಿಂದ ಕುರ್ಚಿ ಕಿರ್ರೆನ್ನುವ ಸದ್ದು. ಐದನೇ ದಿನಕ್ಕೆ ನನ್ನ ಕಣ್ಣಿನ ಉರಿ ಇಳಿಯಿತು. ಹತ್ತನೇ ದಿನಕ್ಕೆ ಸೂಜಿ ಒಂದೇ ಕಂಡಿತು. ಅವಳ ಮುಖದಲ್ಲಿ ಅದೇನಿದೆಯೋ ಹೇಳಲಾರೆ. ಎಡಗಡೆ ಹುಬ್ಬು ಸ್ವಲ್ಪ ಮೇಲಿದೆ, ಗಲ್ಲದ ಮೇಲೊಂದು ಮಚ್ಚೆ. ಅಷ್ಟು ವರ್ಷ ನೋಡದೆ ಬಿಟ್ಟಿದ್ದರಿಂದ ನೋಡುವುದಕ್ಕೆ ಬಾಕಿ ತುಂಬ ಇತ್ತು.

ಒಂದು ಗುರುವಾರ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂತು. ಔಷಧ ತಪ್ಪಬಾರದೆಂದು ಮಾಸ್ತರು ಕೋಟು ತೊಡಿಸಿ ನೋಡುವ ಹಳೆಯ ಗೊಂಬೆಯನ್ನು ಹೊತ್ತುಕೊಂಡು ಹೋಗಿ ಅವಳ ಕುರ್ಚಿಯಲ್ಲಿ ಕೂರಿಸಿ ಬಂದರು. ಅದಕ್ಕೆ ತಲೆ ಇರುವುದಿಲ್ಲ, ಸೊಂಟದಿಂದ ಕೊರಳವರೆಗೆ ಅಷ್ಟೆ. ನೋಡಿದೆ. ಏನೂ ಆಗಲಿಲ್ಲ. ಅಷ್ಟರಲ್ಲಿ ಅವಳು ಬೇಗ ಬಂದುಬಿಟ್ಟಳು.

"ಇದು ಯಾರು?" ಎಂದಳು, ಒಂದು ಕೆನ್ನೆ ಊದಿಸಿಕೊಂಡು.

"ನಿಮ್ಮ ಬದಲಿಗೆ ಅತ್ತಿಗೆ, ಒಂದು ಗಂಟೆ ಮಟ್ಟಿಗೆ."

"ನನ್ನ ಬದಲಿಗೆ ತಲೆ ಇಲ್ದೇ ಇರೋದು. ಅಂದ್ರೆ ನನಗೆ ತಲೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಎತ್ತರ ಸರಿಹೋಯ್ತು ಅಂತ..."

"ಎತ್ತರ ಸರಿಹೋಯ್ತಾ? ನೀನು ನಿನ್ನ ಅಣ್ಣನ ಹಾಗೇ ಕಣಪ್ಪ. ಅವರೂ ನನ್ನನ್ನ ಅಳತೆ ತಗೊಂಡೇ ಮದುವೆ ಆಗಿದ್ದು."

ಗೊಂಬೆ ಮೆಟ್ಟಿಲ ಮೇಲೆ ಉರುಳಿ ಬಂದ ಸದ್ದು ಕೇಳಿತು. ಅದಾದ ಮೇಲೆ ಅವಳು ಸಾಯಂಕಾಲ ಎಲ್ಲಿಗೂ ಹೋಗಲಿಲ್ಲ. ಹಲ್ಲು ನೋಯುತ್ತಿದ್ದರೂ ಗಡಿಯಾರ ಹೊಡೆದಾಗ ಕುರ್ಚಿಯಲ್ಲಿರುತ್ತಿದ್ದಳು, ಊದಿದ ಕೆನ್ನೆ ಆ ಕಡೆಗೆ ತಿರುಗಿಸಿಕೊಂಡು.

ಯಂತ್ರದ ಜೊತೆಗಿನ ಪರೀಕ್ಷೆಗೆ ಎರಡು ದಿನ ಇರುವಾಗ ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣು ಚೆನ್ನಾಗಿದೆ ಎಂದರು. ಮಾಸ್ತರು ಹಿಗ್ಗಿ, ನಾಲ್ಕು ಟೇಪಿನ ಕಥೆ ಹೇಳಿ, ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ನಕ್ಷೆಯನ್ನು ತೋರಿಸಿದರು: ಹನ್ನೊಂದು, ಏಳು, ಎರಡು.

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ತಾತ, ಇಪ್ಪತ್ತು ಅಡಿ ಅಂದ್ರೆ ಸುಮಾರಾಗಿ ಅಂತ. ಸ್ವಲ್ಪ ದೂರ ಇದ್ರೆ ಸಾಕು. ಮರ ನೋಡಿ, ಗೋಡೆ ನೋಡಿ, ಮೋಡ ನೋಡಿ. ಏನಾದ್ರೂ ಆಗತ್ತೆ."

ಮಾಸ್ತರು ಮನೆಗೆ ಬಂದು ಚಪ್ಪಲಿ ಬಿಡುತ್ತ ಗಟ್ಟಿಯಾಗಿ, "ಸುಮಾರಾಗಿ ಅಂತೆ. ಸುಮಾರಾಗಿ ಅನ್ನೋ ಅಳತೆ ಯಾವ ಟೇಪಲ್ಲಿದೆ? ಏನಾದ್ರೂ ನೋಡ್ಬಹುದಂತೆ. ಗೋಡೆ ಆದ್ರೂ ಆಗತ್ತಂತೆ" ಎಂದರು. ಕಿಟಕಿ ತೆರೆದಿತ್ತು.

ಆಚೆ ಪರದೆ ಎಳೆದ ಸದ್ದಾಯಿತು. ಸಾಯಂಕಾಲ ಗಡಿಯಾರ ಹೊಡೆದರೂ ಪರದೆ ಸರಿಯಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ಯಂತ್ರ ಬಂದು ಕೂತಿತ್ತು. ಅದರ ಜೊತೆಗೆ ಕಂಪನಿಯ ಪ್ರತಿನಿಧಿ, ಟೈ ಕಟ್ಟಿದ್ದ ನಗುಮುಖದ ಮನುಷ್ಯ. ಪರೀಕ್ಷೆಗೆಂದು ಕಂಪನಿಯ ಬಟ್ಟೆಯಲ್ಲೇ ಹೊಲಿದ ಎರಡು ಕರಿಯ ಕೋಟು, ಒಂದೇ ಅಳತೆ. ನನಗೆ ಸಾಯಂಕಾಲ ಆರರವರೆಗೆ ಸಮಯ. ಯಂತ್ರ ಟಕಟಕ ಎಂದು ಹನ್ನೊಂದು ನಿಮಿಷದಲ್ಲಿ ಹನ್ನೆರಡೂ ಮುಗಿಸಿತು. ಪ್ರತಿನಿಧಿ ಕೈ ಒರೆಸಿಕೊಂಡು, ಯಂತ್ರ ಮಾಡಿದ ಕೆಲಸಕ್ಕೆ ತಾನೇ ಬೆವರಿದವನಂತೆ ಕುರ್ಚಿಗೆ ಒರಗಿದ.

ನಾನು ಹತ್ತಕ್ಕೆ ಕೂತೆ. ಒಂದು ಕಾಜಾಕ್ಕೆ ಅರ್ಧ ಗಂಟೆ. ಕರಿಯ ಬಟ್ಟೆ, ಕರಿಯ ದಾರ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಹೊರಗೆ ನೋಡಿದೆ. ಮರ ನೋಡಿದೆ, ಅದು ಅಲ್ಲಾಡುತ್ತಿತ್ತು. ಗೋಡೆ ನೋಡಿದೆ, ಅದರಲ್ಲಿ ಏನೂ ಇರಲಿಲ್ಲ. ಮೋಡ ನೋಡಿದೆ, ನೋಡುನೋಡುತ್ತಲೇ ಅದು ಬೇರೆಯಾಯಿತು. ಏಳನೆಯ ಕಾಜಾ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರಾಡಿ ಸೂಜಿ ಎರಡಾಯಿತು. ಎಂಟನೆಯದನ್ನು ಎರಡರಲ್ಲಿ ಯಾವ ಕೋಟಿಗೆ ಮಾಡುವುದು ಎಂದು ತಿಳಿಯಲಿಲ್ಲ. ಇದ್ದದ್ದು ಒಂದೇ ಕೋಟು.

ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಎದ್ದೆ. "ಎಲ್ಲಿಗೆ ಅಮ್ಮ?" ಎಂದಳು ಯಜಮಾನಿ. "ಔಷಧಿಗೆ" ಎಂದೆ.

ಓರಗಿತ್ತಿಯ ಮನೆಯ ಎರಡು ಮಹಡಿ ಹತ್ತಿ ಬಾಗಿಲು ಬಡಿದೆ. ಬಾಗಿಲು ನಾಲ್ಕು ಬೆರಳು ತೆರೆಯಿತು.

"ಅಕ್ಕ, ನಾನು."

"ಮರ ನೋಡು ಹೋಗು."

"ನೋಡ್ದೆ."

"ಗೋಡೆ ನೋಡು."

"ನೋಡ್ದೆ ಅಕ್ಕ. ಮೋಡನೂ ನೋಡ್ದೆ. ಅಂಗಡಿ ಕಿಟಕಿಯಿಂದ ಕಾಣೋ ಬ್ಯಾಂಕಿನ ಗಡಿಯಾರ ನೋಡಿದ್ರೆ ಹೊತ್ತಾಯ್ತು ಅಂತ ಎದೆ ಹೊಡ್ಕೊಳ್ಳತ್ತೆ. ನಿನ್ನ ನೋಡಿದ್ರೆ ಹಾಗೇನೂ ಅನ್ನಿಸಲ್ಲ. ಏನೂ ಅನ್ನಿಸಲ್ಲ. ಅದಕ್ಕೇ ಕಣ್ಣಿಗೆ ಆರಾಮ."

ಇದು ಹೊಗಳಿಕೆಯೋ ಬೈಗುಳವೋ ಎಂದು ಅವಳು ಬಾಗಿಲ ಸಂದಿಯಲ್ಲೇ ಬಹಳ ಹೊತ್ತು ಯೋಚಿಸಿದಳು. ಕೊನೆಗೆ, "ಇಷ್ಟು ಹತ್ರದಿಂದ ನೋಡಬೇಡ. ಹೋಗು, ನಿನ್ನ ಜಾಗದಲ್ಲಿ ಕೂತ್ಕೋ" ಎಂದಳು.

ನಾನು ಎರಡು ಮಹಡಿ ಇಳಿದು, ಓಣಿ ದಾಟಿ, ನಮ್ಮ ಎರಡು ಮಹಡಿ ಹತ್ತಿ, ಆಟದ ಕುರ್ಚಿಯಲ್ಲಿ ಕೂತೆ. ಪರದೆ ಸರಿಯಿತು. ಅವಳು ಕೂತಿದ್ದಳು. ಎಣಿಸಲು ಮಾಸ್ತರು ಬಾಯಿ ತೆರೆದಾಗ ಅವಳು ಕೈ ಎತ್ತಿ ತಡೆದು ತಾನೇ ಎಣಿಸಿದಳು. ಇಪ್ಪತ್ತಕ್ಕೆ ನಿಲ್ಲಿಸಲಿಲ್ಲ. ನಲವತ್ತಕ್ಕೆ ಬಂದಾಗ ನನ್ನ ಕಣ್ಣು ತೊಳೆದಿಟ್ಟ ಹಾಗಾಗಿತ್ತು.

"ಇನ್ನೆಷ್ಟಿದೆ?" ಎಂದು ಕಿಟಕಿಯಿಂದಲೇ ಕೇಳಿದಳು.

"ಐದು."

"ಪ್ರತಿ ಸಲ ನಾಲ್ಕು ಮಹಡಿ ಹತ್ತಿ ಇಳಿದ್ರೆ ಕಾಜಾ ಮುಗಿಯೋ ಮೊದ್ಲು ನೀನೇ ಮುಗೀತೀಯ. ನಡಿ, ನಾನೇ ಬರ್ತೀನಿ."

ಹೀಗೆ ಅವಳು ನಮ್ಮ ಅಂಗಡಿಯ ಎದುರಿನ ಕ್ಷೌರದಂಗಡಿಯ ಮುಂದೆ ಬಂದು ನಿಂತಳು. ಮಾಸ್ತರು ನನ್ನ ಮೂಗಿನಿಂದ ರಸ್ತೆಯ ಮೇಲೆ ಟೇಪು ಎಳೆದರು. ಒಂದು ಬಸ್ಸು ನಿಂತು ಕಾಯಿತು. ಓಡಿಸುತ್ತಿದ್ದವಳು ನಮ್ಮ ಮಗಳೇ. ಅವಳು ಗಾಜಿಳಿಸಿ, "ಅಪ್ಪ, ರಸ್ತೆಗೆ ಕೋಟು ಹೊಲೀತಿದೀರಾ?" ಎಂದು ಕೇಳಿ ಮುಂದೆ ಹೋದಳು. ಇಪ್ಪತ್ತು ಅಡಿ ಬಂದದ್ದು ಕ್ಷೌರದವರ ಮೆಟ್ಟಿಲ ಮೇಲೆ. ಅವರು ಒಂದು ಸ್ಟೂಲು ಹಾಕಿಕೊಟ್ಟರು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬರು ಹೊರಗೆ ಬಂದು ಕಾಜಾ ಎಷ್ಟನೆಯದು ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತುತ್ತಿದ್ದೆ, ಅವಳು ಇಪ್ಪತ್ತು ನಿಮಿಷಕ್ಕೊಮ್ಮೆ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಆರಕ್ಕೆ ಹನ್ನೆರಡು ನಿಮಿಷವಿರುವಾಗ ಕೊನೆಯ ಗಂಟು ಹಾಕಿದೆ.

ಅದೇ ಹೊತ್ತಿಗೆ ತಪ್ಪು ನಡೆದುಹೋಯಿತು. ಎರಡೂ ಕೋಟು ಇಸ್ತ್ರಿಗೆ ಹೋದವು. ಯಾವುದು ಯಾರದೆಂದು ಗುರುತಿಗೆ ಗುಂಡುಸೂಜಿಯಲ್ಲಿ ಚೀಟಿ ಚುಚ್ಚಿದ್ದರು. ನಮ್ಮ ಇಸ್ತ್ರಿಯವರು ಕೆಲಸದಲ್ಲಿ ಬಹಳ ಶುದ್ಧ. ಬಿಸಿಗೆ ಕಾಗದದ ಕಲೆ ಬಟ್ಟೆಗೆ ಕೂರುತ್ತದೆಂದು ಚೀಟಿಗಳನ್ನು ಕಿತ್ತು, ಜೋಪಾನವಾಗಿ ಒಂದರ ಮೇಲೊಂದಿಟ್ಟು, ಕೋಟುಗಳನ್ನು ಬೇರೆ ಬೇರೆ ಮೊಳೆಗೆ ನೇತುಹಾಕಿದರು.

"ಯಾವುದು ಯಾವುದರದ್ದು?" ಎಂದು ಯಜಮಾನಿ ಕೇಳಿದಾಗ ಅವರು ಎರಡು ಚೀಟಿಯನ್ನೂ ಅವಳ ಅಂಗೈಗೆ ಕೊಟ್ಟರು.

ನನಗೆ ಗೊತ್ತಿತ್ತು. ಎಡಗಡೆ ಮೊಳೆಯಲ್ಲಿದ್ದದ್ದು ನನ್ನದು. ನನ್ನ ಮಗಳನ್ನು ಗುರುತು ಹಿಡಿದ ಹಾಗೆ ಹಿಡಿಯಬಲ್ಲೆ. ಹೇಳಲು ಹೋದರೆ ಯಜಮಾನಿ ತಡೆದಳು. "ನೀವು ಹೇಳೋ ಹಾಗಿಲ್ಲ ಅಮ್ಮ, ನಿಮ್ಮದೇ ಪರೀಕ್ಷೆ. ಕೆಲಸ ಗೊತ್ತಿರೋರು, ಆದ್ರೆ ನಿಮ್ಮ ಮೇಲೆ ಪ್ರೀತಿ ಇಲ್ಲದೋರು ಬೇಕು." ಹಾಗೆನ್ನುತ್ತ ಅವಳ ಕಣ್ಣು ರಸ್ತೆಯಾಚೆಯ ಸ್ಟೂಲಿನ ಮೇಲೆ ಬಿತ್ತು. ನಮ್ಮಿಬ್ಬರ ಜಗಳ ಹೊಲಿಗೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ಮೊದಲು ಪ್ರತಿನಿಧಿ ಎರಡೂ ಕೋಟು ನೋಡಿ, ಎಡಗಡೆಯದನ್ನು ಎತ್ತಿಕೊಂಡು, "ಇದೇ ನಮ್ಮ ಯಂತ್ರದ್ದು. ನೋಡಿ ಎಷ್ಟು ಸಮ. ಮನುಷ್ಯರ ಕೈಯಲ್ಲಿ ಇದು ಆಗತ್ತಾ?" ಎಂದ. ನಲವತ್ತೊಂದು ವರ್ಷದಲ್ಲಿ ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಓರಗಿತ್ತಿ ಬಂದಳು. ಕೋಟುಗಳನ್ನು ಬೆಳಕಿಗೆ ಹಿಡಿದಳು, ಕಾಜಾಕ್ಕೆ ಕಿರುಬೆರಳು ತೂರಿಸಿದಳು, ಬಲಗಡೆಯದನ್ನು ಮೂಗಿನ ಹತ್ತಿರ ತಂದು ನೋಡಿದಳು. "ಇದು ಅವಳದು" ಎಂದಳು.

ಅದು ಯಂತ್ರದ್ದು.

"ಖಚಿತವಾಗಿ ಹೇಳ್ತೀರಾ?" ಎಂದಳು ಯಜಮಾನಿ.

"ಅವಳ ಕೈ ನನಗೆ ಗೊತ್ತಿಲ್ವಾ. ಎರಡು ವಾರದಿಂದ ಅವಳು ನನ್ನನ್ನ ಮಾತ್ರ ನೋಡ್ತಿದ್ಲು ಅಂದ್ಕೊಂಡ್ರಾ, ನಾನೂ ಅವಳನ್ನ ನೋಡ್ತಿದ್ದೆ. ಸಾವಧಾನದ ಹೆಂಗಸು. ಈ ಗಂಟು ನೋಡಿ, ಒಂದಕ್ಕೂ ಅವಸರ ಇಲ್ಲ." ಆಮೇಲೆ ನೆಲ ನೋಡುತ್ತ ಹೇಳಿದಳು: "ಆ ಇನ್ನೊಂದು ಕೋಟಿಗಿಂತ ಇದು ನೂರು ಪಾಲು ಮೇಲು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಇಬ್ಬರ ಸಾಕ್ಷಿಯೂ ಒಂದೇ ಆಯಿತು. ಪ್ರತಿನಿಧಿಯ ಮುಖ ಸಣ್ಣದಾಯಿತು. ಯಜಮಾನಿ ನನ್ನ ಎರಡು ಕೈ ಹಿಡಿದುಕೊಂಡು, "ಕುರ್ಚಿ ನಿಮ್ದೇ ಅಮ್ಮ. ನಾಳೆಯಿಂದ ಬ್ಯಾಂಡಿನ ಕೋಟು ಶುರು ಮಾಡಿ" ಎಂದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಯಂತ್ರದ ಕಾಜಾವನ್ನು ನನ್ನದೆನ್ನಿಸಿಕೊಂಡು ಆ ಕುರ್ಚಿಯಲ್ಲಿ ಹೇಗೆ ಕೂರುವುದು? "ಅದು ನನ್ನದಲ್ಲಮ್ಮ" ಎಂದೆ. "ಕಂಪನಿಯವರು ಎತ್ಕೊಂಡ್ರಲ್ಲ, ಅದು ನನ್ನದು."

ಯಜಮಾನಿಯ ಕಣ್ಣು ತುಂಬಿ ಬಂತು. "ನೋಡಿ, ಇಷ್ಟು ದೊಡ್ಡ ಕೆಲಸ ಮಾಡಿ ಎಷ್ಟು ವಿನಯ" ಎಂದು ಇಸ್ತ್ರಿಯವರಿಗೆ ಹೇಳಿದಳು. ಇನ್ನೊಂದು ಸಲ ಹೇಳಿದೆ. ಇನ್ನೂ ಹೆಚ್ಚು ವಿನಯವಾಯಿತು. ಮಾಸ್ತರು ಕೋಟಿನ ಮೇಲೆ ಟೇಪು ಹಿಡಿದು ಸಾಬೀತು ಮಾಡಲು ಮುಂದೆ ಬಂದರೆ, ಗಂಡನ ಸಾಕ್ಷಿ ನಡೆಯುವುದಿಲ್ಲವೆಂದು ಅವರನ್ನೂ ಕೂರಿಸಿದಳು.

ಪ್ರತಿನಿಧಿ ಯಂತ್ರವನ್ನು ಗಾಡಿಗೆ ಹೇರಿಸಿದ. ಹೋಗುವಾಗ ಎಡಗಡೆಯ ಕೋಟನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡ. ಬಟ್ಟೆ ಅವರದೇ, ಯಾರೂ ಬೇಡವೆನ್ನಲಿಲ್ಲ. ಬೇರೆ ಅಂಗಡಿಗಳಲ್ಲಿ ಯಂತ್ರದ ಮಾದರಿ ಕೆಲಸವೆಂದು ತೋರಿಸುತ್ತಾನಂತೆ. ಅದನ್ನು ನೋಡಿ ಎಷ್ಟು ಜನ ಯಂತ್ರ ಕೊಳ್ಳುತ್ತಾರೋ, ಕೊಂಡ ಮೇಲೆ ಅದು ಹಾಗೆ ಯಾಕೆ ಮಾಡುತ್ತಿಲ್ಲವೆಂದು ಎಷ್ಟು ಜನ ಅದನ್ನು ಬಿಚ್ಚಿ ನೋಡುತ್ತಾರೋ.

ಓಣಿಯವರೆಗೆ ನಾವು ಮೂವರೂ ಒಟ್ಟಿಗೆ ನಡೆದು ಬಂದೆವು. ಓರಗಿತ್ತಿ ತನ್ನ ಮೆಟ್ಟಿಲ ಹತ್ತಿರ ನಿಂತಳು.

"ಅಷ್ಟು ಜನರ ಮುಂದೆ ನಾನು ಒಂದು ಒಳ್ಳೆ ಮಾತು ಹೇಳಿದ್ರೆ, ಅದು ನನ್ನದಲ್ಲ ಅಂದೆಯಲ್ಲ."

"ನನ್ನದಾಗಿರಲಿಲ್ಲ ಅಕ್ಕ."

"ಅಂದ್ರೆ ನನಗೆ ಕೆಲಸ ನೋಡೋದಕ್ಕೆ ಬರಲ್ಲ ಅಂತ."

"ಹಾಗಂದೆನಾ?"

"ಇನ್ನೇನಂದೆ ಮತ್ತೆ? ಸುಮ್ನೆ ಹೂಂ ಅಂದಿದ್ರೆ ಏನಾಗ್ತಿತ್ತು ನಿನಗೆ? ಎಷ್ಟು ಕಷ್ಟಪಟ್ಟು ಹೇಳಿದ್ದೆ ಗೊತ್ತಾ ಆ ಮಾತನ್ನ." ಮೈದುನನ ಕಡೆ ತಿರುಗಿ, "ನಿನ್ನ ಹೆಂಡ್ತಿ ಜೊತೆ ಇನ್ನು ನನಗೆ ಮಾತಿಲ್ಲ ಅಂತ ಹೇಳಪ್ಪ" ಎಂದು ಮೆಟ್ಟಿಲು ಹತ್ತಿ ಹೋದಳು.

ಮಾಸ್ತರು ನನ್ನ ಕಡೆ ತಿರುಗಿದರು. "ಕೇಳಿಸ್ತು ಬಿಡಿ" ಎಂದೆ.

ಮರುದಿನ ಬೆಳಿಗ್ಗೆ ಎದ್ದು ನನ್ನ ಕುರ್ಚಿಗೆ ಹೋಗಿ ಬ್ಯಾಂಡಿನ ಮೊದಲ ಕೋಟು ಕೈಗೆತ್ತಿಕೊಂಡೆ. ಸಾಯಂಕಾಲ ಬೆರಳಿಗೆ ಕಸರತ್ತು ಬೇಕಲ್ಲ, ಆಟಕ್ಕೆ ಕೂತೆ. ಅಂಚೆಯವನು ಹದಿನೆಂಟನೇ ಚಾವಣಿಯಲ್ಲಿ ನಿಂತಿದ್ದ. ಗಡಿಯಾರ ಹೊಡೆಯಿತು. ಗೋಡೆಯನ್ನೋ ಮೋಡವನ್ನೋ ನೋಡೋಣವೆಂದು ತಲೆ ಎತ್ತಿದೆ. ಪರದೆ ತೆರೆದಿತ್ತು. ಅವಳು ಕೂತಿದ್ದಳು, ಮುಖ ಊದಿಸಿಕೊಂಡು, ಬಾಯಿ ಬಿಗಿದುಕೊಂಡು. ಈ ಸಲ ಊದಿದ್ದು ಹಲ್ಲಿನಿಂದಲ್ಲ. ನೋಡಿಸಿಕೊಳ್ಳುವುದಕ್ಕೆ ಮಾತೇನೂ ಬೇಕಿಲ್ಲವಲ್ಲ.

ಮಾಸ್ತರು ಎಣಿಸುತ್ತ ಕಿಟಕಿಯವರೆಗೆ ಹೋಗಿ, ಕಣ್ಣು ಕಿರಿದು ಮಾಡಿ ಅಳೆದು, ವಾಪಸು ಬಂದು ನನ್ನ ಕಿವಿಯಲ್ಲಿ ಹೇಳಿದರು: "ಅತ್ತಿಗೆ ಎರಡು ಇಂಚು ಮುಂದೆ ಬಂದು ಕೂತಿದಾರೆ. ಹೇಳಿ ಸರಿಸ್ಲಾ?"

"ಸುಮ್ನಿರಿ" ಎಂದು ರೆಪ್ಪೆ ಬಡಿದೆ.